ಮುರಗೆಪ್ಪನ ಹೂಂ

ಬನಹಟ್ಟಿಯ ನಮ್ಮ ಓಣಿಯಲ್ಲಿ ಮನೆಗೆ ಎರಡರಂತೆ ಮಗ್ಗಗಳಿವೆ. ಕರೆಂಟು ಇರುವಷ್ಟು ಹೊತ್ತೂ ಅವು ಖಟಖಟ ಅನ್ನುತ್ತಲೇ ಇರುತ್ತವೆ. ಹೊರಗಿನಿಂದ ಬಂದ ಬೀಗರು ಎರಡನೇ ದಿನಕ್ಕೇ ತಲೆ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿಯುತ್ತಾರೆ. ನಮಗೇನೂ ಅನಿಸುವುದಿಲ್ಲ. ಆ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಉಪಯೋಗವಿಲ್ಲ ಅಂತ ನಮ್ಮವರು ಸಣ್ಣವರಿದ್ದಾಗಲೇ ಬಾಯಿ ನೋಡಿ ಮಾತು ತಿಳಿಯುವುದನ್ನು ಕಲಿತುಬಿಡುತ್ತಾರೆ. ಹೆಬ್ಬೆರಳು ತುಟಿಗೆ ತಂದರೆ ಚಹಾ. ಐದು ಬೆರಳು ಕೂಡಿಸಿ ಬಾಯಿಗೆ ತಂದರೆ ಊಟ. ಮಣಿಕಟ್ಟು ತಿರುಗಿಸಿದರೆ ಕಂಡಿಕೆ ಮುಗಿಯಿತು, ಅಂದರೆ ಲಾಳಿಯೊಳಗಿನ ನೂಲು ಖಾಲಿಯಾಯಿತು, ಬೇರೆ ತಾ ಅಂತ. ಅಡುಗೆಮನೆಯಿಂದ ಮಗ್ಗದ ಮುಂದಿರುವವರನ್ನು ಕರೆಯಬೇಕಾದರೆ ಲೈಟನ್ನು ಎರಡು ಸಲ ಹಾಕಿ ಆರಿಸಿದರೆ ಆಯಿತು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಾವು ಮಾಡಿದ ತಪ್ಪು ಮಗ್ಗವಿಲ್ಲದ ಓಣಿಯವರಿಂದ ಆಗುತ್ತಿರಲಿಲ್ಲ. ಅವರಾಗಿದ್ದರೆ ನಾಲ್ಕು ದಿನದಲ್ಲಿ ಕಂಡುಹಿಡಿಯುತ್ತಿದ್ದರು.

ನನ್ನ ಹೆಸರು ಮಾಂತೇಶ. ಮಗ್ಗ ರಿಪೇರಿ ನನ್ನ ಕೆಲಸ. ರಬಕವಿಯಲ್ಲಿ ಮಗ್ಗ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ, ಸದ್ದು ಕೇಳಿಯೇ, ಎಲ್ಲಿ ನಟ್ಟು ಸಡಿಲಾಗಿದೆ, ಯಾವ ಪಟ್ಟಾ ಸವೆದಿದೆ ಅಂತ ಹೇಳಿಬಿಡುತ್ತೇನೆ. ಮಾಂತೇಶನ ಕಿವಿ ಅಂದರೆ ಕಿವಿ ಅಂತ ಜನ ಹೊಗಳುತ್ತಿದ್ದರು, ನಾನೂ ಉಬ್ಬುತ್ತಿದ್ದೆ. ಆ ಸೊಕ್ಕು ಇಳಿಸಿದವನು ನನ್ನ ನಡುಗೋಡೆಯ ಆಚೆಗಿದ್ದ ಮುರಗೆಪ್ಪಣ್ಣ. ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಸ್ವಲ್ಪ ಮಂದ ಅಂತಲ್ಲ, ಪೂರಾ ಹೋಗಿತ್ತು, ಅದೂ ಎಷ್ಟೋ ವರ್ಷಗಳ ಹಿಂದೆ. ಗೋಡೆಗೆ ಗೋಡೆ ಹತ್ತಿಸಿಕೊಂಡು ಬದುಕಿದ ನನಗೆ ಅದು ಗೊತ್ತಿರಲಿಲ್ಲ.

ಮುರಗೆಪ್ಪಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಬಿಳಿ ಬನಿಯನ್ನು, ಮೇಲಕ್ಕೆ ಕಟ್ಟಿದ ಲುಂಗಿ, ಹಣೆಗೆ ವಿಭೂತಿ, ಹುಬ್ಬಿನ ಮೇಲೆ ಸದಾ ಹತ್ತಿಯ ಧೂಳು. ಮನೆಯ ಪಡಸಾಲೆಯಲ್ಲಿ ಎರಡು ಮಗ್ಗ. ಸೀರೆ ನೇಯುವುದರಲ್ಲಿ ಅವನ ಕೈ ಸ್ವಚ್ಛ ಅಂತ ಊರಿಗೆಲ್ಲ ಗೊತ್ತು. ನೇಯುವಾಗ ಎಡಗೈಯನ್ನು ಮಗ್ಗದ ಚೌಕಟ್ಟಿನ ಮೇಲೆ ಇಟ್ಟುಕೊಂಡೇ ನಿಲ್ಲುತ್ತಿದ್ದ. ಎಳೆ ಹರಿದರೆ, ಲಾಳಿ ದಾರಿ ತಪ್ಪಿದರೆ, ಬೇರೆಯವರಿಗೆ ಸದ್ದು ಬದಲಾದ ಮೇಲೆ ತಿಳಿಯುವುದು ಅವನಿಗೆ ಅದಕ್ಕಿಂತ ಮೊದಲೇ ತಿಳಿದುಬಿಡುತ್ತಿತ್ತು. ಆ ಕೈ ಇಡುವ ರೀತಿ ಅವನ ಠೀವಿ ಅಂದುಕೊಂಡಿದ್ದೆ. ಕಬ್ಬಿಣದ ನಡುಕವನ್ನು ಅಂಗೈಯಿಂದ ಕೇಳುತ್ತಿದ್ದ ಅನ್ನುವುದು ನನ್ನ ದೊಡ್ಡ ಕಿವಿಗೆ ಹೊಳೆಯಲಿಲ್ಲ.

ಮಾತು ಕಡಿಮೆ. ಏನು ಹೇಳಿದರೂ ‘ಹೂಂ’. ಮದುವೆಗೆ ಕರೆದರೂ ಹೂಂ, ಬೈದರೂ ಹೂಂ. ಅವನಿಗೆ ‘ಹೂಂ ಮುರಗೆಪ್ಪ’ ಅಂತ ಹೆಸರಿಟ್ಟವನು ನಾನೇ. ಅದಕ್ಕೂ ಹಿಂದಿನದೊಂದಿದೆ, ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಅವನ ತಂದೆ ಅಂದಾನೆಪ್ಪನಿಗೂ ವಯಸ್ಸಾದ ಮೇಲೆ ಕಿವಿ ಹೋಗಿತ್ತು. ಸಂಜೆ ಸಾಲಿ ಬಿಟ್ಟ ಮೇಲೆ ನಾವು ಹುಡುಗರು ಆ ಮುದುಕನ ಬೆನ್ನ ಹಿಂದೆ ಹೋಗಿ ‘ಕೆಪ್ಪಾ’ ಅಂತ ಕೂಗಿ, ತಿರುಗಿದಾಗ ಏನೂ ಗೊತ್ತಿಲ್ಲದವರಂತೆ ನಿಲ್ಲುತ್ತಿದ್ದೆವು. ಎಲ್ಲರಿಗಿಂತ ಗಟ್ಟಿ ಗಂಟಲು ನನ್ನದು. ಮುರಗೆಪ್ಪಣ್ಣ ಆಗ ಹದಿನಾರು ಹದಿನೇಳರವನು, ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ಒಂದು ದಿನವೂ ಹೊರಗೆ ಬಂದು ಬಡಿಯಲಿಲ್ಲ. ಬಡಿದಿದ್ದರೆ ಛಲೋ ಇತ್ತು.

ಆ ಮನೆಯ ಮಾತೆಲ್ಲ ಅವನ ಹೆಂಡತಿ ಮಾದೇವಿ ವೈನಿಯದು. ಬಾಗಿಲ ಬಳಿ ರಾಟೆ ಇಟ್ಟುಕೊಂಡು ಕಂಡಿಕೆ ಸುತ್ತುತ್ತ, ಹೋಗಿಬರುವವರನ್ನೆಲ್ಲ ನಿಲ್ಲಿಸಿ ಮಾತನಾಡಿಸುತ್ತಿದ್ದಳು. ಒಬ್ಬಳೇ ಮಗಳು ಪ್ರೀತಿಯನ್ನು ಮುಧೋಳಕ್ಕೆ ಕೊಟ್ಟಿದ್ದರು. ಮಗಳ ಫೋನು ಬಂದರೆ ವೈನಿಯೇ ಎತ್ತಬೇಕು, ನೂಲು ಕೊಟ್ಟು ನೇಯಿಸುವ ಮಾಲೀಕರು ಬಂದರೆ ವೈನಿಯೇ ವ್ಯವಹರಿಸಬೇಕು. ಗಂಡನಿಗೆ ಏನಾದರೂ ಹೇಳುವುದಿದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಅವನ ಎದುರಿಗೇ ಬಂದು, ಮುಖ ಎತ್ತಿ ಹೇಳುತ್ತಿದ್ದಳು. ಅವನು ಕಿಟಕಿಗೆ ಮುಖ ಮಾಡಿ ಕೂತಿದ್ದರೆ ಹೊರಗಿನಿಂದ ಸುತ್ತಿ ಬಂದು ಕಿಟಕಿಯ ಆಚೆ ನಿಲ್ಲುತ್ತಿದ್ದಳು. ಗಂಡನ ಮೇಲೆ ಎಷ್ಟು ಪ್ರೀತಿ ನೋಡಿ ಅಂತ ನನ್ನ ಹೆಂಡತಿ ನನ್ನನ್ನು ಚುಚ್ಚುತ್ತಿದ್ದಳು.

ಮೊದಲನೇ ಲಾಕ್‌ಡೌನ್‌ನಲ್ಲಿ ಮಗ್ಗಗಳು ನಿಂತವು. ನನಗೆ ಆ ಮೌನ ತಿಂಗಳಾದರೂ ಒಗ್ಗಲಿಲ್ಲ. ಎಲ್ಲರ ಮನೆಯ ಜಗಳ ಎಲ್ಲರಿಗೂ ಕೇಳತೊಡಗಿತು. ಯಾರ ಅತ್ತೆ ಯಾರನ್ನು ಏನಂದಳು, ಯಾರ ಮನೆಯಲ್ಲಿ ಬೇಳೆ ಮುಗಿಯಿತು, ಎಲ್ಲ ಬಯಲು. ಮುರಗೆಪ್ಪಣ್ಣನ ಮನೆಯಿಂದ ಮಾತ್ರ ಪಾತ್ರೆಯ ಸದ್ದಿನ ಹೊರತು ಏನೂ ಇಲ್ಲ. ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಅಂತ ಓಣಿ ತೀರ್ಮಾನಿಸಿತು. ವೈನಿ ದನಿಯಿಲ್ಲದೆ ಬರೀ ತುಟಿಯಲ್ಲಿ ಮಾತನಾಡುತ್ತಿದ್ದಳು ಅನ್ನುವುದು ಯಾರ ತಲೆಗೂ ಹೋಗಲಿಲ್ಲ. ಕೇಳದವನಿಗೆ ದನಿ ಯಾತಕ್ಕೆ? ಕೂಗಿ ಮಾತನಾಡಿದರೆ ಗೋಡೆಯಾಚೆ ನಾನಿದ್ದೆ.

ಅದೇ ದಿನಗಳಲ್ಲಿ ಒಮ್ಮೆ ಕಾಯಿಪಲ್ಲೆ ತರಲು ಹೋದಾಗ, ಹಿಂದಿನಿಂದ ಪೊಲೀಸರು ನಿಲ್ಲು ಅಂತ ಕೂಗಿದರೂ ಇವನು ತಿರುಗಿ ನೋಡದೆ ನಡೆದ. ಮೀನಖಂಡದ ಮೇಲೆ ಲಾಠಿ ಬಿತ್ತು. ಮನೆಗೆ ಬಂದು, ನನ್ನ ಊರಾಗ ನಾ ಯಾಕ ನಿಂದರಲಿ ಅಂದನಂತೆ. ಮುರಗೆಪ್ಪ ಪೊಲೀಸರಿಗೇ ಸೊಪ್ಪು ಹಾಕಲಿಲ್ಲ ಅಂತ ನಾನು ಹದಿನೈದು ದಿನ ಆ ಸುದ್ದಿಯನ್ನು ಮಾರಿದೆ. ಬಾಸುಂಡೆಗೆ ಅರಿಷಿಣ ಹಚ್ಚುತ್ತಿದ್ದ ವೈನಿ ತಲೆಯೆತ್ತಿದಳು. ಅವಳು ನನ್ನನ್ನು ನೋಡಿದ ರೀತಿ ಈಗ ನೆನಪಾಗುತ್ತದೆ.

ಎರಡನೇ ವರ್ಷ ಅಷ್ಟು ಹಗುರವಾಗಿ ಹೋಗಲಿಲ್ಲ. ಮೇ ತಿಂಗಳಲ್ಲಿ ವೈನಿಗೆ ಜ್ವರ ಬಂತು. ನಾಲ್ಕನೇ ದಿನ ರಿಪೋರ್ಟು ಬಂತು, ಅದರ ಬೆನ್ನಿಗೇ ವ್ಯಾನು ಬಂತು. ಮುರಗೆಪ್ಪಣ್ಣನಿಗೆ ಏನೂ ಇರಲಿಲ್ಲ, ಆದರೂ ಹದಿನಾಲ್ಕು ದಿನ ಮನೆ ಬಿಟ್ಟು ಕದಲಬಾರದು ಅಂತ ಬಾಗಿಲಿಗೆ ಚೀಟಿ ಅಂಟಿಸಿದರು. ವೈನಿ ವ್ಯಾನು ಹತ್ತುವ ಮೊದಲು ಸೊಂಟದ ಚೀಲದಿಂದ ಸಣ್ಣ ಫೋನು ತೆಗೆದು ಗಂಡನ ಕೈಯಲ್ಲಿ ಇಟ್ಟಳು. ಆ ಮನೆಗೆ ಇದ್ದದ್ದು ಅದೊಂದೇ ಫೋನು. ಆಮೇಲೆ ಮಾಸ್ಕನ್ನು ಗದ್ದದ ಕೆಳಗೆ ಎಳೆದು, ಐದು ಬೆರಳು ತೋರಿಸಿ ಏನೋ ಹೇಳಿದಳು. ದನಿ ಬರಲಿಲ್ಲ, ಆದರೆ ನಾನೂ ಇದೇ ಓಣಿಯವನು, ಓದಿಕೊಂಡೆ. ಸಂಜೆ ಐದಕ್ಕೆ ಫೋನ್ ಮಾಡುತ್ತೇನೆ, ಲೈಟು ಹತ್ತಿದ್ದು ಕಂಡರೆ ಎತ್ತಿರಿ. ವ್ಯಾನಿನವರು ಮಾಸ್ಕು ಹಾಕಿಕೋ ಅಂತ ಗದರಿದರು. ಅವಳನ್ನು ಜಮಖಂಡಿಯಲ್ಲಿ ಹಾಸ್ಟೆಲ್ಲೊಂದನ್ನು ಆಸ್ಪತ್ರೆ ಮಾಡಿದ್ದರಲ್ಲ, ಅಲ್ಲಿಗೆ ಒಯ್ದರು.

ಮರುದಿನ ಸಂಜೆ ಐದಕ್ಕೆ ನಡುಗೋಡೆಯ ಆಚೆಯಿಂದ ಮುರಗೆಪ್ಪಣ್ಣನ ದನಿ ಕೇಳಿತು. “ಹೂಂ... ಹೂಂ... ನಾ ಆರಾಮ ಅದೀನಿ... ನೀ ಉಂಡಿ?... ಹೂಂ... ಹೂಂ... ಛಲೋ ಆತು. ಉಂಡ ಮಲಕೋ.” ಹತ್ತು ನಿಮಿಷ. ನಾನೂ ನನ್ನ ಹೆಂಡತಿಯೂ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿದೆವು. ಎರಡನೇ ದಿನವೂ ಅದೇ ಮಾತು. ಮೂರನೇ ದಿನವೂ ಅದೇ, ಅಷ್ಟಷ್ಟೇ ಬಿಡುವು ಕೊಟ್ಟು, ಅದೇ ಸಾಲಿನಲ್ಲಿ. ನಾಲ್ಕನೇ ದಿನ ನನಗೆ ಸಿಟ್ಟು ಬಂತು. ಹೆಂಡತಿ ಅಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾಳೋ ಏನೋ, ಇವನು ಪಾಠ ಒಪ್ಪಿಸಿದಂತೆ ಒಪ್ಪಿಸುತ್ತಾನಲ್ಲ! ಫೋನು ಇಟ್ಟಮೇಲೆ ಗೋಡೆಗೆ ಬಾಯಿ ಹಚ್ಚಿ, ಎರಡು ಛಲೋ ಮಾತಾದರೂ ಆಡೋ ಅಣ್ಣಾ ಅಂತ ಕೂಗಿದೆ. ಉತ್ತರವೇ ಇಲ್ಲ. ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅಂತ ಎರಡು ದಿನ ಮುಖ ತಿರುಗಿಸಿದೆ.

ಊಟ ಮಾತ್ರ ನಮ್ಮ ಮನೆಯಿಂದಲೇ ಹೋಗುತ್ತಿತ್ತು. ಎರಡೂ ಮನೆಗಳ ಮೇಲಿನ ಬಯಲು ಮಾಳಿಗೆಗಳ ನಡುವೆ ಮೊಣಕಾಲೆತ್ತರದ ಗೋಡೆ ಇದೆ, ಅದರ ಮೇಲೆ ನನ್ನ ಹೆಂಡತಿ ರೊಟ್ಟಿ ಪಲ್ಲೆ ಇಟ್ಟು ಕರೆಯುತ್ತಿದ್ದಳು. ಎಷ್ಟು ಕರೆದರೂ ಬರುತ್ತಿರಲಿಲ್ಲ. ತನಗೆ ತಿಳಿದಾಗ ಬಂದು ಒಯ್ಯುತ್ತಿದ್ದ. ಮಾಡಿ ಹಾಕುವವರಿಗೆ ಇಷ್ಟೂ ಬೆಲೆಯಿಲ್ಲವೇ ಅಂತ ಅವಳೂ ಗೊಣಗಿದಳು. ಪ್ರೀತಿ ಮುಧೋಳದಿಂದ ನನಗೆ ಫೋನ್ ಮಾಡಿ, ಅಪ್ಪ ನನ್ನ ಹತ್ತಿರವೂ ಬರೀ ಹೂಂ ಅಂತಾನೆ, ನೀ ಉಂಡಿ ಅಂತಾನೆ, ಇಡುತ್ತಾನೆ, ಅವ್ವನೋ ಅಪ್ಪಗ ಫೋನ್ ಹಚ್ಚಿ ತ್ರಾಸ ಕೊಡಬೇಡ ಅಂತಾಳೆ ಅಂತ ಅತ್ತಳು. ಕಿವಿಯ ವಿಷಯವನ್ನು ಮಗಳಿಗೂ ಮುಚ್ಚಿಟ್ಟಿದ್ದರು. ಅವಳನ್ನು ಊರು ದಾಟಿ ಬರಲು ಯಾರೂ ಬಿಡುತ್ತಿರಲಿಲ್ಲ. ನಾನು ಅವಳಿಗೆ, ನಿಮ್ಮಪ್ಪನ ಎದೆಯಲ್ಲಿ ಕಲ್ಲಿದೆ ಅಂದೆ. ಮಗಳಿಗೆ ತಂದೆಯ ಬಗ್ಗೆ ಹೀಗೆ ಹೇಳಿದೆನಲ್ಲ, ಈ ನಾಲಿಗೆಗೆ ಏನು ಮಾಡಬೇಕು.

ಒಳಗೆ ಅವನ ಪಾಡು ಏನಾಗಿತ್ತು ಅನ್ನುವುದನ್ನು ಆಮೇಲೆ ತಿಳಿದೆ. ನಾಲ್ಕು ಗಂಟೆಯಿಂದಲೇ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಕೂಡುತ್ತಿದ್ದ. ಲೈಟು ಹತ್ತಿತು ಅಂದರೆ ಅವಳು ಇದ್ದಾಳೆ. ಕಿವಿಗೆ ಇಟ್ಟುಕೊಂಡು, ಒಮ್ಮೊಮ್ಮೆ ತೆಗೆದು ನೋಡಿ, ಲೈಟು ಇರುವವರೆಗೂ ಹೂಂ ಅನ್ನುತ್ತಿದ್ದ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಅವನಿಗೆ ದಕ್ಕುತ್ತಿರಲಿಲ್ಲ. ಗೋಡೆ ಬಡಿದು ನನ್ನನ್ನು ಕರೆದು, ಮಾಂತೇಶ, ಸ್ವಲ್ಪ ಕೇಳಿ ಹೇಳು ಅಂದಿದ್ದರೆ ಸಾಕಿತ್ತು. ಆದರೆ ಅವನ ಅಪ್ಪನ ಬೆನ್ನ ಹಿಂದೆ ಕೂಗಿದವನು ನಾನೇ ಅಲ್ಲವೇ? ಅವನು ಯಾರನ್ನು ಕರೆಯಬೇಕಿತ್ತು?

ಹತ್ತನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗೋಡೆಯಾಚೆ ಅದೇ ಮಾತು ಕೇಳಿತು. ಹೂಂ, ಹೂಂ, ನಾ ಆರಾಮ ಅದೀನಿ, ನೀ ಉಂಡಿ, ಛಲೋ ಆತು, ಉಂಡ ಮಲಕೋ. ದನಿಯಲ್ಲಿ ಅವತ್ತು ಸ್ವಲ್ಪ ಉಮೇದು ಇತ್ತು. ಹೊತ್ತಲ್ಲದ ಹೊತ್ತಿನಲ್ಲಿ ಇದೇನು ಅಂದುಕೊಳ್ಳುತ್ತಿರುವಾಗಲೇ ನನ್ನ ಫೋನು ರಿಂಗಾಯಿತು. ಪ್ರೀತಿ. ಸ್ವಲ್ಪ ಹೊತ್ತು ಅಳುವಷ್ಟೇ ಕೇಳಿತು.

“ಕಾಕಾ, ಅವ್ವ ಹೋದ್ಲು. ಬೆಳಗಿನ ಜಾವ ಉಸರ ಕಮ್ಮಿ ಆತಂತ. ಮೊದಲ ಅಪ್ಪಗ ಫೋನ್ ಮಾಡಿ ಹೇಳ್ಯಾರ. ಅಪ್ಪ ಛಲೋ ಆತು ಅಂದ್ನಂತ, ಕಾಕಾ. ಉಂಡ ಮಲಕೋ ಅಂದ್ನಂತ.”

ಮಾಳಿಗೆಗೆ ಹೇಗೆ ಹತ್ತಿದೆನೋ ಗೊತ್ತಿಲ್ಲ. ಮುರಗೆಪ್ಪಣ್ಣ ಆಚೆ ಮಾಳಿಗೆಯಲ್ಲಿ ವೈನಿ ಹೊದೆಯುತ್ತಿದ್ದ ಕೌದಿಯನ್ನು ಒಗೆದು ಹಗ್ಗದ ಮೇಲೆ ಹರವುತ್ತಿದ್ದ. ನನ್ನನ್ನು ನೋಡಿ ನಕ್ಕ. ಅವನು ತಾನಾಗಿ ಮಾತು ತೆಗೆದದ್ದನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ.

“ಇವತ್ತ ಮುಂಜಾನೇನ ಫೋನ್ ಮಾಡಿದ್ಲು ನಿಮ್ಮ ವೈನಿ. ಐದರ ತನಾ ಕಾಯಲಿಲ್ಲ. ಮನಿಗೆ ಬಿಡತಾರ ಕಾಣತೈತಿ.”

ನಾನು ಹೇಳಿದೆ. ಅವನು ‘ಹೂಂ’ ಅಂದು ಕೌದಿಯ ಮಡಿಕೆ ಬಿಡಿಸಿದ. ಇನ್ನೊಮ್ಮೆ ಹೇಳಿದೆ. ‘ಹೂಂ’ ಅಂದ. ಮೂರನೇ ಸಲ ಕೂಗಿಯೇ ಹೇಳಿದೆ, ಅವನು ನನ್ನ ಕಣ್ಣನ್ನಷ್ಟೇ ನೋಡುತ್ತ, ನಗೆಯನ್ನು ಹಾಗೇ ಹಿಡಿದುಕೊಂಡು, ತಲೆಯಾಡಿಸಿದ. ಆಗ ನನಗೆ ತಿಳಿಯಿತು. ಮಗ್ಗದ ಮೇಲಿನ ಎಡಗೈ, ಕಿಟಕಿಯಾಚೆ ಸುತ್ತಿ ಬರುತ್ತಿದ್ದ ವೈನಿ, ಲಾಠಿಯ ಏಟು, ಗೋಡೆಗೆ ಬಾರದ ಉತ್ತರ, ಎಲ್ಲ ಒಂದೇ ಸಲಕ್ಕೆ ತಿಳಿಯಿತು. ನನ್ನ ಮುಖದ ಮೇಲೆ ಮಾಸ್ಕಿತ್ತು.

ಅದನ್ನು ಕೆಳಗೆಳೆದೆ. ವೈನಿ ಹೋದಳು ಅಣ್ಣಾ ಅಂತ ತುಟಿ ಬಿಡಿಸಿ ಹೇಳಿದೆ. ದನಿ ಬಂತೋ ಇಲ್ಲವೋ ನನಗೇ ಗೊತ್ತಿಲ್ಲ.

ಓದಿಕೊಂಡ. ಒದ್ದೆ ಕೌದಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದ. ನೀರು ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಆಮೇಲೆ ಕೇಳಿದ.

“ಹಂಗಾರ ಈಗ ಫೋನಿನ್ಯಾಗ ಯಾರ ಮಾತಾಡಿದ್ರು?”

ಆಸ್ಪತ್ರೆಯವರು ಅಂದೆ.

“ನಾ ಏನ ಅಂದ್ನಿ?”

ಅವನಿಗೆ ಗೊತ್ತಿತ್ತು. ಅವನು ದಿನಾ ಅನ್ನುತ್ತಿದ್ದದ್ದು ಅದೊಂದನ್ನೇ. ಗೋಡೆ ದಾಟಿ ಹೋಗಿ ಹಿಡಿದುಕೊಳ್ಳಬೇಕಿತ್ತು. ಚೀಟಿ, ಕಾಯಿಲೆ, ಹೆದರಿಕೆ, ಏನೋ ಒಂದು ಅಡ್ಡ ಬಂತು, ದಾಟಲಿಲ್ಲ. ಮೊಣಕಾಲೆತ್ತರದ ಗೋಡೆ ಅದು.

ವೈನಿಯ ಮಣ್ಣು ಜಮಖಂಡಿಯಲ್ಲೇ ಆಯಿತು. ಮೈತುಂಬ ಪ್ಲಾಸ್ಟಿಕ್ಕು ಹಾಕಿಕೊಂಡವರು ಮಾಡಿದರು, ಅಳಿಯ ದೂರದಿಂದ ನೋಡಿದ. ಮುರಗೆಪ್ಪಣ್ಣನಿಗೆ ಆ ಭಾಗ್ಯವೂ ಇರಲಿಲ್ಲ.

ಚೀಟಿ ಕಿತ್ತ ದಿನದಿಂದ ನಾನು ಅವನ ಮನೆಗೆ ಹೋಗಿ ಕೂಡತೊಡಗಿದೆ. ಕಿವಿಯ ಮಾತನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎದುರಿಗೇ ಕೂತು, ಮಾಸ್ಕು ತೆಗೆದು ಮಾತನಾಡುತ್ತಿದ್ದೆ, ಅವನು ಅದನ್ನು ಗಮನಿಸದವನಂತೆ ಇರುತ್ತಿದ್ದ. ನನಗೆ ಗೊತ್ತು ಅನ್ನುವುದು ಅವನಿಗೆ ಗೊತ್ತು. ಹೀಗೆ ಇಬ್ಬರೂ ನಾಟಕ ಮಾಡಿಕೊಂಡು ಮೂರು ವಾರ ತಳ್ಳಿದೆವು. ಒಂದು ಮಧ್ಯಾಹ್ನ ಅವನು ಫೋನನ್ನು ಅಂಗೈಯಲ್ಲಿ ಹೊರಳಿಸುತ್ತ, ನನ್ನನ್ನು ನೋಡದೆ ಕೇಳಿದ.

“ಮಾಂತೇಶ, ಇದರಾಗ ಆಡಿದ ಮಾತ ಇದರಾಗೇ ಉಳದಿರತಾವೇನು?”

ಇಲ್ಲ ಅಣ್ಣಾ, ಉಳಿಯುವುದಿಲ್ಲ ಅಂದೆ. ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಒಂಬತ್ತು ಸಂಜೆ ಅವಳು ಏನು ಹೇಳಿದಳು, ತಾನು ಯಾವುದಕ್ಕೆ ಹೂಂ ಅಂದೆ ಅನ್ನುವುದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಊಟ ಸೇರುತ್ತಿರಲಿಲ್ಲ, ಬನಿಯನ್ನು ಮೈಮೇಲೆ ಜೋತುಬಿದ್ದಿತ್ತು.

ಮರುದಿನ ನೆಪ ಹೇಳಿ ಆ ಫೋನು ಇಸಿದುಕೊಂಡು ನೋಡಿದೆ. ಒಂಬತ್ತು ದಿನ, ಸಂಜೆ ಐದಕ್ಕೆ, ಒಂದೇ ನಂಬರು. ವೈನಿ ತನ್ನ ಫೋನು ಇಲ್ಲೇ ಬಿಟ್ಟು ಹೋದವಳು ಬೇರೆ ಯಾರದೋ ಫೋನಿನಿಂದ ಮಾತನಾಡಿದ್ದಾಳೆ. ಆ ನಂಬರಿಗೆ ಹಚ್ಚಿದೆ. ಗಡಸು ದನಿಯ ಹೆಂಗಸು. ತಾರವ್ವ ಅಂತ, ಮಹಾಲಿಂಗಪುರದವಳು, ಸಂತೆಯಲ್ಲಿ ಬಳ್ಳೊಳ್ಳಿ ಮಾರುವವಳು, ಆಸ್ಪತ್ರೆಯಲ್ಲಿ ವೈನಿಯ ಪಕ್ಕದ ಮಂಚದಲ್ಲಿದ್ದಳಂತೆ. ನಾನು ಯಾರೆಂದು ಹೇಳುತ್ತಲೇ, ನಾನೇ ಬರಬೇಕಂತ ಮಾಡಿದ್ದೆ, ಮೈಯಲ್ಲಿ ಕಸುವಿಲ್ಲ, ಬಸ್ಸೂ ಇಲ್ಲ ಅಂದಳು. ಮಾದೇವಿ ಹೇಳಿದ್ದು ನನ್ನ ಹತ್ತಿರ ಇದೆ, ಫೋನಿನಲ್ಲಿ ಹೇಳುವಂಥದ್ದಲ್ಲ, ಬಸ್ಸು ಸುರುವಾದ ಕೂಡಲೇ ಬರುತ್ತೇನೆ ಅಂದಳು. ಮುರಗೆಪ್ಪಣ್ಣನ ಎದುರಿಗೆ ಕೂತು ಇದನ್ನು ಹೇಳಿದಾಗ ಅವನು ಹೂಂ ಅನ್ನಲಿಲ್ಲ. ನನ್ನ ತುಟಿಯನ್ನೇ ನೋಡುತ್ತಿದ್ದ, ಮತ್ತೊಮ್ಮೆ ಹೇಳಲಿ ಅನ್ನುವಂತೆ.

ಜುಲೈ ಮೊದಲ ವಾರ ಮಗ್ಗಗಳು ಸುರುವಾದವು. ಓಣಿ ಮತ್ತೆ ಖಟಖಟ. ಮುರಗೆಪ್ಪಣ್ಣ ಚೌಕಟ್ಟಿನ ಮೇಲೆ ಎಡಗೈ ಇಟ್ಟು ನಿಂತ. ಇನ್ನು ಸಾಯುವ ತನಕ ಅವನು ಯಾರಿಗೂ ಏನೂ ಹೇಳದೆ ಹೀಗೇ ಕಳೆದುಬಿಡಬಹುದಿತ್ತು. ಸದ್ದು ಅವನನ್ನು ಮತ್ತೆ ಎಲ್ಲರಂತೆ ಮಾಡಿತ್ತು.

ತಾರವ್ವ ಬಂದದ್ದು ಅದರ ಮರುವಾರ. ಅರವತ್ತು ದಾಟಿದವಳು, ಬಿಸಿಲಿನಲ್ಲಿ ನಿಂತು ಕಪ್ಪಾದ ಮೈ, ಕೈಯಲ್ಲಿ ಬಳ್ಳೊಳ್ಳಿಯ ಗೊಂಚಲು. ಮೂಗು ಬಾಯಿ ಮುಚ್ಚುವಂತೆ ಮಾಸ್ಕು, ಅದರ ಮೇಲೆ ಸೀರೆಯ ಸ್ಯಾರಗ ಬೇರೆ. ಸಾವನ್ನು ನೋಡಿ ಬಂದ ಹೆದರಿಕೆ ಅವಳಿಗೆ. ನಾನೇ ಕರೆದುಕೊಂಡು ಹೋಗಿ ಪಡಸಾಲೆಯಲ್ಲಿ ಕೂಡಿಸಿದೆ. ಮಗ್ಗಗಳು ಓಡುತ್ತಿದ್ದವು. ಅವಳು ಸಂತೆಯ ಗಂಟಲಿನಲ್ಲಿ ಕೂಗಿ ಹೇಳತೊಡಗಿದಳು. ಮುರಗೆಪ್ಪಣ್ಣ ಅವಳ ಎದುರು ಚಾಪೆಯ ಮೇಲೆ ಕೂತು ಆ ಬಟ್ಟೆಯನ್ನೇ ನೋಡುತ್ತಿದ್ದ. ಹೂಂ, ಹೂಂ ಅಂದ. ಅವಳು ಕಣ್ಣೊರೆಸಿಕೊಂಡಳು, ಇವನು ಹೂಂ ಅಂದ. ನಾನೇ ಅವಳಿಗೆ ಹೇಳಿಬಿಡಲೇ ಅನಿಸಿತು. ಹೇಳಬಾರದು ಅಂತಲೂ ಅನಿಸಿತು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ಮುರಗೆಪ್ಪಣ್ಣ ಎದ್ದ. ಎರಡೂ ಮಗ್ಗ ಬಂದ್ ಮಾಡಿದ. ಬಂದು ಮತ್ತೆ ಅವಳ ಎದುರು ಕೂತು, ಎಷ್ಟು ಗಟ್ಟಿಯಾಗಿ ಮಾತನಾಡುತ್ತಿದ್ದೇನೆ ಅನ್ನುವುದು ತನಗೇ ಗೊತ್ತಿಲ್ಲದೆ, ಮನೆ ತುಂಬುವಂತೆ ಹೇಳಿದ.

“ಯಕ್ಕಾ, ಆ ಬಾಯಿ ಮ್ಯಾಲಿನ ಅರಿವಿ ತಗೀರಿ. ನನಗ ಕಿವಿ ಕೇಳಸಂಗಿಲ್ಲ. ಬಾಯಿ ಕಂಡ್ರ ಅಷ್ಟ ತಿಳಿತೈತಿ. ನನ್ನ ಹೇಣ್ತಿ ಏನ ಹೇಳ್ಯಾಳೋ ಅದನ್ನ ಕೇಳಬೇಕ ನಾ.”

ತಾರವ್ವ ಬಾಗಿಲ ಗಾಳಿಗೆ ಸರಿದು ಕೂತು, ಸ್ಯಾರಗ ಸರಿಸಿ, ಮಾಸ್ಕನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ನಿಧಾನವಾಗಿ, ತುಟಿ ಬಿಡಿಸಿ, ಮೊದಲಿನಿಂದ ಹೇಳಿದಳು.

ಮೊದಲನೇ ಸಂಜೆಯೇ ಮಾದೇವಿ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದಳಂತೆ. ನನ್ನ ಯಜಮಾನರಿಗೆ ಕೇಳಿಸುವುದಿಲ್ಲ, ಫೋನಿನ ಲೈಟು ಹತ್ತಿದರೆ ನಾನು ಇನ್ನೂ ಇದ್ದೇನೆ ಅಂತ ಅವರಿಗೆ ತಿಳಿಯುತ್ತದೆ, ನನಗೆ ಅವರ ಹೂಂ ಕೇಳಿದರೆ ಸಾಕು ಅಂದಳಂತೆ. ಸ್ಪೀಕರ್ ಹಚ್ಚಿಸಿಕೊಂಡು, ಅವನ ದನಿ ಎದೆಯ ಮೇಲೆ ಇಟ್ಟುಕೊಂಡು ಮಾತನಾಡುತ್ತಿದ್ದಳಂತೆ. ಎಂಥ ಮಾತು? ಜೋಳದ ಹಿಟ್ಟು ಎರಡನೇ ಡಬ್ಬಿಯಲ್ಲಿದೆ, ಹುಳ ಬೀಳುವ ಮೊದಲು ಜರಡಿ ಹಿಡಿಸಿರಿ. ಪ್ರೀತಿ ಬಂದರೆ ನನ್ನ ಹಸಿರು ಸೀರೆ ಕೊಡಿರಿ. ಹೊಸ್ತಿಲ ಬಳಿಯ ಹಾಸುಗಲ್ಲು ಅಲುಗಾಡುತ್ತದೆ, ಎಡವೀರಿ. ಒಂದು ದಿನ ಬೈದಳಂತೆ. ಮೂವತ್ತೈದು ವರ್ಷ ಕಂಡಿಕೆ ಸುತ್ತಿದೆ, ನೀವು ನೇಯ್ದ ಸೀರೆಯಲ್ಲಿ ಅರ್ಧ ನನ್ನದು, ಒಂದು ದಿನವಾದರೂ ಹಾಗೆ ಅಂದಿದ್ದೀರಾ ಅಂತ. ಎದುರಿಗೆ ಅಂದಿದ್ದರೆ ಅವನು ಓದಿಕೊಳ್ಳುತ್ತಿದ್ದ. ಕೇಳಿಸದು ಅನ್ನುವ ಧೈರ್ಯಕ್ಕೇ ಅದನ್ನು ಬಾಯಿಬಿಟ್ಟು ಅಂದಿರಬೇಕು. ಅದಕ್ಕೆ ಇವನು ಹೂಂ, ನೀ ಉಂಡಿ ಅಂದಿದ್ದ. ವಾರ್ಡಿನ ಹೆಂಗಸರೆಲ್ಲ ನಕ್ಕರಂತೆ, ಮಾದೇವಿಯೂ ನಕ್ಕಳಂತೆ.

ಮುರಗೆಪ್ಪಣ್ಣ ಕಣ್ಣು ಮಿಟುಕಿಸದೆ ಆ ಬಾಯಿಯನ್ನು ನೋಡುತ್ತಿದ್ದ. ಕಣ್ಣು ಮಸುಕಾದಾಗ ಅವಸರದಿಂದ ತೋಳಿನಲ್ಲಿ ಒರೆಸಿಕೊಳ್ಳುತ್ತಿದ್ದ, ಒಂದು ಮಾತೂ ತಪ್ಪಬಾರದು ಅಂತ. ಕೊನೆಯ ದಿನ ಏನಂದಳು ಅಂತ ಕೇಳಿದ. ತಾರವ್ವ ನನ್ನ ಕಡೆ ಒಮ್ಮೆ ನೋಡಿದಳು.

“ನಾ ಬರೂದು ಖಾತ್ರಿ ಇಲ್ಲರಿ ಅಂದ್ಲು. ನನ್ನ ಹಿಂದ ನಿಮ್ಮ ಮುಂದ ಬಂದು ನಿಂತು ಮಾತಾಡವ್ರು ಯಾರು? ಮುಚ್ಚಿಟ್ಟಿದ್ದು ಸಾಕು, ಕೇಳಸಂಗಿಲ್ಲ ಅಂತ ನೀವ ಹೇಳ್ರಿ. ಮೊದಲ ಮಾಂತೇಶಗ ಹೇಳ್ರಿ. ಅವ ಒಂದ ದಿನ ನಗತಾನ, ಆಮ್ಯಾಲ ಅವನ ನಿಮಗ ಆಗತಾನ. ಹಿಂಗ ಅಂದ್ಲು.”

ಉಳಿದ ಮನೆಗಳ ಮಗ್ಗ ಓಡುತ್ತಿದ್ದವು. ಮುರಗೆಪ್ಪಣ್ಣ ಅವತ್ತು ಮಾಳಿಗೆಯ ಮೇಲೆ ನನ್ನನ್ನು ಕೇಳಿದ್ದನ್ನೇ ಈಗ ಅವಳನ್ನು ಕೇಳಿದ.

“ಅದಕ್ಕ ನಾ ಏನ ಅಂದ್ನಿ?”

“ಛಲೋ ಆತು, ಉಂಡ ಮಲಕೋ ಅಂದ್ರಿ,” ಅಂದಳು ತಾರವ್ವ. “ಆಕಿ ಫೋನ್ ನನ್ನ ಕೈಯಾಗ ಕೊಟ್ಟು, ನೋಡ ಬೇ ತಾರವ್ವಾ, ಒಪ್ಕೊಂಡ್ರು ಅಂದ್ಲು. ಆವತ್ತ ಎರಡ ತುತ್ತು ಹೆಚ್ಚಿಗಿ ಉಂಡ್ಲು.”

ಮುರಗೆಪ್ಪಣ್ಣ ಅತ್ತ. ದನಿ ಎಷ್ಟು ದೂರ ಹೋಗುತ್ತದೆ ಅನ್ನುವ ಅರಿವಿಲ್ಲದವನ ಅಳು ಅದು, ಓಡುವ ಮಗ್ಗಗಳನ್ನೂ ದಾಟಿ ನಾಲ್ಕು ಮನೆಗೆ ಕೇಳಿತು. ಜನ ಬಾಗಿಲಿಗೆ ಬಂದರು. ನಾನು ಯಾರನ್ನೂ ಒಳಗೆ ಬಿಡಲಿಲ್ಲ.

ಸಂಜೆ ತಾರವ್ವನನ್ನು ಬಸ್ಸು ಹತ್ತಿಸಿ ಬಂದಾಗ ಅವನು ನನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಮುಖ ತೊಳೆದು, ಹೊಸ ವಿಭೂತಿ ಹಚ್ಚಿಕೊಂಡು, ತೊಳೆದ ಅಂಗಿ ಹಾಕಿಕೊಂಡಿದ್ದ. ನನ್ನನ್ನು ಕಂಡು ಎದ್ದು ನಿಂತ. ಬೆಳಿಗ್ಗೆ ಅವನು ತಾರವ್ವನಿಗೆ ಹೇಳುವಾಗ ನಾನು ಮೂರು ಮಾರು ದೂರದಲ್ಲೇ ನಿಂತಿದ್ದೆ, ಅದಕ್ಕೂ ಮೊದಲೇ ನನಗೆ ಎಲ್ಲ ಗೊತ್ತಿತ್ತು, ಅದು ಅವನಿಗೂ ಗೊತ್ತಿತ್ತು. ಆದರೂ ಅವಳು ಮಾಂತೇಶಗ ಹೇಳ್ರಿ ಅಂದಿದ್ದಳು, ಇವನು ಛಲೋ ಆತು ಅಂದಿದ್ದ.

“ಮಾಂತೇಶ, ನನಗ ಕಿವಿ ಕೇಳಸಂಗಿಲ್ಲೋ,” ಅಂದ, ಮೊದಲ ಸಲ ಹೇಳುವವನಂತೆ. ಹೇಳಿ, ನಾನು ನಗುವುದನ್ನು ಕಾಯುತ್ತ ನನ್ನ ಮುಖ ನೋಡುತ್ತ ನಿಂತ.

ನನ್ನನ್ನು ವೈನಿ ಅಷ್ಟು ಚೆನ್ನಾಗಿ ತಿಳಿದುಕೊಂಡಿದ್ದಳು. ಒಂದೇ ಮಾತಿನಲ್ಲಿ ಅವಳ ಅಂದಾಜು ತಪ್ಪಿತು. ನಾನು ಒಂದು ದಿನವೂ ನಗಲಿಲ್ಲ.